ಅಲ್ಲಾದೀನನ ಕತೆ ಗಲಾಂ ತಾನೇ ಕಟ್ಟಿದ್ದಾ?

ಪ್ರಶ್ನೆ: ಅಲ್ಲಾದೀನ್, ಅಲಿಬಾಬಾ ಕತೆಗಳು ಅರೇಬಿಯನ್ ನೈಟ್ಸ್‌ನ ಮೂಲದಲ್ಲಿ ಇಲ್ಲವಂತೆ. ಫ್ರೆಂಚ್ ಅನುವಾದಕ ತಾನೇ ಬರೆದು ಸೇರಿಸಿಬಿಟ್ಟ ಅಂತಾರೆ. ನಿಜವಾ?

ಅರ್ಧ ನಿಜ. ಅವನ ಕೈಲಿದ್ದ ಹಳೇ ಹಸ್ತಪ್ರತಿಯಲ್ಲಿ ಆ ಕತೆಗಳು ಇರಲಿಲ್ಲ. ಹಾಗಂತ ಅವನು ಸುಮ್ನೆ ಕೂತು ಹೊಸೆದದ್ದೂ ಅಲ್ಲ. ಕತೆ ಹೇಳಿದವನು ಬೇರೆಯೇ ಇದ್ದ.

ಅನುವಾದಕನ ಹೆಸರು ಆಂತ್ವಾನ್ ಗಲಾಂ. 1646ರಲ್ಲಿ ಉತ್ತರ ಫ್ರಾನ್ಸಿನ ರೊಲ್ಲೊ ಎಂಬ ಊರಲ್ಲಿ, ಬಡವರ ಮನೆಯಲ್ಲಿ ಹುಟ್ಟಿದ. ಚಿಕ್ಕಂದಿನಲ್ಲೇ ಅಪ್ಪನನ್ನು ಕಳೆದುಕೊಂಡ. ಓದಿನಲ್ಲಿ ಮಾತ್ರ ಬಲು ಚುರುಕು. ಗ್ರೀಕ್ ಚೆನ್ನಾಗಿ ಬರುತ್ತಿತ್ತು. ಅದರಿಂದಲೇ 1670ರಲ್ಲಿ ಫ್ರಾನ್ಸಿನ ರಾಯಭಾರಿಯ ಜೊತೆ ಇಸ್ತಾಂಬುಲ್‌ಗೆ ಹೋಗುವ ಅವಕಾಶ ಸಿಕ್ಕಿತು. ಆ ಕಡೆಯ ತಿರುಗಾಟದಲ್ಲೇ ತುರ್ಕಿ, ಪಾರ್ಸಿ, ಅರಬ್ಬೀ ಕಲಿತ. ಹಳೇ ನಾಣ್ಯ, ಹಸ್ತಪ್ರತಿ ಎಂದರೆ ಪ್ರಾಣ. 1688ರಲ್ಲಿ ಸ್ಮಿರ್ನಾದಲ್ಲಿ, ಅಂದರೆ ಈಗಿನ ಇಜ್ಮಿರ್‌ನಲ್ಲಿ, ಭೂಕಂಪವಾದಾಗ ಕುಸಿದ ಮನೆಯಡಿ ಸಿಕ್ಕಿಕೊಂಡೂ ಬದುಕಿ ಬಂದ. ಕಾಫಿ ಎಲ್ಲಿಂದ ಬಂತು ಅಂತ ಒಂದು ಅರಬ್ಬೀ ಹಸ್ತಪ್ರತಿ ಹಿಡಿದು 1699ರಲ್ಲಿ ಪುಟ್ಟ ಪುಸ್ತಕವನ್ನೂ ತಂದ. ನಮ್ಮ ಚಿಕ್ಕಮಗಳೂರಿನವರು ಇದೊಂದಕ್ಕಾದರೂ ಅವನನ್ನು ನೆನೆಯಬಹುದು.

ಮೊದಲು ಅವನ ಕೈಗೆ ಬಂದದ್ದು ಸಿಂದಬಾದನ ಕತೆ. ಅದು ಇನ್ನೂ ದೊಡ್ಡ ಕತೆಗುಚ್ಛದ ತುಂಡು ಅಂತ ಯಾರೋ ಹೇಳಿದರು. ಸಿರಿಯಾದಿಂದ ಹಸ್ತಪ್ರತಿ ತರಿಸಿ, 1704ರಿಂದ ಒಂದೊಂದೇ ಸಂಪುಟ ಹೊರತಂದ. ಜನ ಮುಗಿಬಿದ್ದು ಓದಿದರು. ಕಷ್ಟ ಶುರುವಾದದ್ದೇ ಅಲ್ಲಿ. ಹೆಸರಿಗೆ ಸಾವಿರದೊಂದು ರಾತ್ರಿ, ಹಸ್ತಪ್ರತಿಯಲ್ಲಿ ಇದ್ದದ್ದು ಸುಮಾರು 280. ಅದೂ ಒಂದು ಕತೆಯ ನಡುವೆಯೇ ನಿಂತುಹೋಗಿತ್ತು. ಓದುಗರು ಬಿಡಬೇಕಲ್ಲ! ಪ್ರಕಾಶಕರಂತೂ ಬೇರೊಬ್ಬರ ಅನುವಾದದ ಕತೆಗಳನ್ನು ಇವನಿಗೆ ತಿಳಿಸದೆಯೇ ಎಂಟನೇ ಸಂಪುಟಕ್ಕೆ ತುರುಕಿಬಿಟ್ಟರು. ಗಲಾಂಗೆ ಕೆಂಡದಂಥ ಕೋಪ ಬಂತು.

ಆ ಹೊತ್ತಿಗೆ ಪ್ಯಾರಿಸ್ಸಿಗೆ ಸಿರಿಯಾದ ಅಲೆಪ್ಪೊ ಊರಿನ ಒಬ್ಬ ಯುವಕ ಬಂದಿದ್ದ. ಹೆಸರು ಹನ್ನಾ ದಿಯಾಬ್. ಮಾರೊನೈಟ್ ಕ್ರೈಸ್ತ. ಪಾಲ್ ಲೂಕಾ ಎಂಬ ಪ್ರವಾಸಿ, ರಾಜನ ಗ್ರಂಥಾಲಯದಲ್ಲಿ ಕೆಲಸ ಕೊಡಿಸ್ತೀನಿ ಅಂತ ಆಸೆ ತೋರಿಸಿ ಕರೆತಂದಿದ್ದ. ಈ ಹನ್ನಾ 1709ರಲ್ಲಿ ಕೆಲವೇ ವಾರಗಳಲ್ಲಿ ಗಲಾಂಗೆ ಹದಿನೈದಕ್ಕೂ ಜಾಸ್ತಿ ಕತೆ ಹೇಳಿದ. ಗಲಾಂ ದಿನಚರಿಯಲ್ಲಿ ಅವನ್ನೆಲ್ಲ ಟಿಪ್ಪಣಿ ಮಾಡಿಟ್ಟ. ಅಲ್ಲಾದೀನನ ಕತೆಯನ್ನು ಹನ್ನಾ ಅರಬ್ಬಿಯಲ್ಲಿ ಬರೆದೂ ಕೊಟ್ಟ.

ದಿನಚರಿಯಲ್ಲಿ ಅಲಿಬಾಬಾ ಕತೆಯ ತಲೆಬರಹ ನೋಡಿದರೆ ಮಜಾ ಅನಿಸುತ್ತದೆ. ಅಲ್ಲಿ ಅಲಿಬಾಬಾನ ಹೆಸರೇ ಇಲ್ಲ. 'ಮರ್ಜಿಯಾನಳ ಜಾಣತನ' ಎಂಬರ್ಥದ ತಲೆಬರಹ. ಕಳ್ಳರಿಗೆ ಕುದಿಯುವ ಎಣ್ಣೆ ಸುರಿದು ಕತೆ ಮುಗಿಸಿದ್ದು ಆ ದಾಸಿಯೇ ಅಲ್ವಾ? ಅಚ್ಚಿಗೆ ಹೋಗುವಾಗ ಹೆಸರು ಅಲಿಬಾಬಾನ ಪಾಲಾಯಿತು, ಕೆಲವೇ ಪುಟಗಳ ಟಿಪ್ಪಣಿ ಉದ್ದದ ಕತೆಯಾಯಿತು. ಹಾಗಾಗಿ ಕತೆ ಹನ್ನಾನದು, ಮೈ ತುಂಬಿಸಿದ್ದು ಗಲಾಂ ಅನ್ನುವುದೇ ಸರಿ.

ಆಮೇಲೆ ಅಲ್ಲಾದೀನನ ಅರಬ್ಬೀ ಹಸ್ತಪ್ರತಿಗಳು ಸಿಕ್ಕಿವೆಯಲ್ಲ ಅಂತ ಕೆಲವರು ಕೇಳ್ತಾರೆ. ಸಿಕ್ಕವು ನಿಜ. ಆದರೆ ಪ್ಯಾರಿಸ್ಸಿನಲ್ಲಿ ಸಿಕ್ಕ ಆ ಎರಡೂ ಪ್ರತಿಗಳು ಗಲಾಂನ ಫ್ರೆಂಚ್ ಓದಿ ಅರಬ್ಬಿಗೆ ತಿರುಗಿಸಿದವು ಅಂತ ವಿದ್ವಾಂಸರು ತೋರಿಸಿದ್ದಾರೆ.

ಗಲಾಂ ಮೋಸಗಾರ ಅಂತ ನನಗೆ ಅನಿಸುವುದಿಲ್ಲ. ಆದರೆ ಒಂದು ತಪ್ಪು ಅವನದೇ: ಅಚ್ಚಾದ ಯಾವ ಸಂಪುಟದಲ್ಲೂ ಹನ್ನಾನ ಹೆಸರಿಲ್ಲ. 1715ರಲ್ಲಿ ಗಲಾಂ ತೀರಿಕೊಂಡ, ಕೊನೆಯ ಎರಡು ಸಂಪುಟ ಬಂದದ್ದು 1717ರಲ್ಲಿ. ಹನ್ನಾಗೆ ಗ್ರಂಥಾಲಯದ ಕೆಲಸವೂ ಸಿಗಲಿಲ್ಲ. ಊರಿಗೆ ಮರಳಿ ಬಟ್ಟೆ ವ್ಯಾಪಾರ ಮಾಡಿಕೊಂಡಿದ್ದ. ಮುದುಕನಾದ ಮೇಲೆ ಅವನು ಬರೆದ ಪ್ರವಾಸದ ನೆನಪುಗಳು ವ್ಯಾಟಿಕನ್ ಗ್ರಂಥಾಲಯದಲ್ಲಿದ್ದವು. ಬರೆದವನು ಇವನೇ ಅಂತ ಗೊತ್ತಾದದ್ದು 1990ರ ದಶಕದಲ್ಲಿ. ಅದರಲ್ಲಿ ಗಲಾಂ ವಿಷಯವೂ ಬರುತ್ತದೆ, ನಾಲ್ಕು ಮಾತಿನಲ್ಲಿ. ಒಬ್ಬ ಮುದುಕ ನಮ್ಮಲ್ಲಿಗೆ ಆಗಾಗ ಬರುತ್ತಿದ್ದ, ಅವನ ಪುಸ್ತಕಕ್ಕೆ ಕತೆ ಸಾಲದಾಗಿತ್ತು, ನನಗೆ ಗೊತ್ತಿದ್ದದ್ದನ್ನು ಹೇಳಿದೆ ಅಂತ. ಆ ಮುದುಕನ ಹೆಸರನ್ನು ಅವನೂ ಬರೆದಿಲ್ಲ.