ನೀರು ಅಂಟದ ತಗಡು: ಬಳಿಯೋದಾ, ಕೊರೆಯೋದಾ?

ಬೆಂಗಳೂರಿನಲ್ಲಿ ಕಾರು ತೊಳೆಸೋಕೆ ಹೋದರೆ ಈಗ ‘ನ್ಯಾನೋ ಕೋಟಿಂಗ್ ಹಾಕ್ಸಿ ಸಾರ್, ನೀರು ನಿಲ್ಲೋದೇ ಇಲ್ಲ’ ಅನ್ನುತ್ತಾರೆ. ಪೀಣ್ಯದ ಶೆಡ್ಡಿನಲ್ಲಿ ಟೆಫ್ಲಾನ್ ಅನ್ನುತ್ತಾರೆ. ಲ್ಯಾಬಿನವರು ಲೇಸರ್ ಅನ್ನುತ್ತಾರೆ. ಮೂರೂ ಬೇರೆ ಬೇರೆ. ಆದರೆ ಮೂರರ ಬೇರೂ ಒಂದೇ ಜಗಳದಲ್ಲಿದೆ: ನೀರನ್ನು ಓಡಿಸೋದು ಮೇಲೆ ಬಳಿದ ವಸ್ತುವಾ, ಕೆಳಗಿನ ಒರಟಾ?

ಮೊದಲು ಒಂದು ಮಾತು. ಲೋಹಕ್ಕೆ ನೀರಿನ ಮೇಲೆ ದ್ವೇಷವೇನೂ ಇಲ್ಲ. ಲೋಹಕ್ಕೆ ಇನ್ನೊಂದು ಲೋಹದ ಲೇಪ ಕೊಡುವ ಪ್ಲೇಟಿಂಗ್ ಶೆಡ್ಡಿನಲ್ಲಿ ತಗಡನ್ನು ತೊಳೆದು ನೀರಲ್ಲಿ ಅದ್ದಿ ಮೇಲೆತ್ತುತ್ತಾರೆ. ನೀರು ಒಂದೇ ಹಾಳೆಯ ಹಾಗೆ ಹರಡಿ ನಿಂತರೆ ತಗಡು ಶುಭ್ರ ಅಂತ ಅರ್ಥ. ಹನಿ ಹನಿಯಾಗಿ ಒಡೆದರೆ ಎಣ್ಣೆ ಜಿಡ್ಡು ಉಳಿದಿದೆ, ಮತ್ತೆ ತೊಳೆಯಬೇಕು. ಅಂದರೆ ಇವತ್ತು ನಾವು ದುಡ್ಡು ಕೊಟ್ಟು ಮಾಡಿಸೋದು ಅಲ್ಲಿ ರಿಜೆಕ್ಟ್ ಆಗೋ ಮಾಲು!

ಹನಿ ತಗಡಿನ ಮೇಲೆ ಎಷ್ಟು ಕೋನದಲ್ಲಿ ಕೂರುತ್ತದೆ ಅನ್ನೋದನ್ನು ವಿಜ್ಞಾನಿ ಥಾಮಸ್ ಯಂಗ್ 1805ರಲ್ಲೇ ವಿವರಿಸಿದ. ಕೋನ ಅಂದರೆ ಹನಿಯ ಅಂಚು ತಗಡಿಗೆ ತಾಗುವಲ್ಲಿನ ಕೋನ; ಅದು ಹೆಚ್ಚಿದಷ್ಟೂ ಹನಿ ಗುಂಡಗೆ. ಮೈ ಒರಟಾದರೆ ಆ ಕೋನ ಹೇಗೆ ಬದಲಾಗುತ್ತದೆ ಅನ್ನೋ ಲೆಕ್ಕವನ್ನು 1936ರಲ್ಲಿ ವೆಂಜೆಲ್ ಅನ್ನೋ ವಿಜ್ಞಾನಿ ಹಾಕಿದ. ತಗ್ಗುಗಳಲ್ಲಿ ಗಾಳಿ ಸಿಕ್ಕಿಕೊಂಡರೆ ಏನಾಗುತ್ತದೆ ಅನ್ನೋದನ್ನು 1944ರಲ್ಲಿ ಕ್ಯಾಸಿ, ಬ್ಯಾಕ್ಸ್‌ಟರ್ ಅನ್ನೋ ಇಬ್ಬರು ವಿಜ್ಞಾನಿಗಳು ಹೇಳಿದರು. ಆದರೆ ಅಡುಗೆಮನೆ ಗೆದ್ದದ್ದು ಲೆಕ್ಕವಲ್ಲ, ಟೆಫ್ಲಾನ್.

1938ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ರಾಯ್ ಪ್ಲಂಕೆಟ್ ಕೈಗೆ ಅದು ಅಕಸ್ಮಾತ್ತಾಗಿ ಸಿಕ್ಕಿತು. ಯಾವುದೂ ಅಂಟದ ಪುಡಿ. ಸರಿ, ಅದನ್ನೇ ತವೆಗೆ ಅಂಟಿಸೋದು ಹೇಗೆ? 1954ರಲ್ಲಿ ಫ್ರಾನ್ಸಿನ ಮಾರ್ಕ್ ಗ್ರೆಗ್ವಾರ್ ಅಲ್ಯೂಮಿನಿಯಂ ಮೈಯನ್ನು ಆಸಿಡ್‌ನಲ್ಲಿ ಕೊರೆದು, ಆ ಗುಂಡಿಗಳಲ್ಲಿ ಪುಡಿಯನ್ನು ಸಿಕ್ಕಿಸಿದ. ಇವತ್ತಿಗೂ ಕ್ರಮ ಅದೇ. ಮೊದಲು ಗ್ರಿಟ್ ಬ್ಲಾಸ್ಟಿಂಗ್, ಅಂದರೆ ಗಡುಸು ಕಣಗಳನ್ನು ಜೋರಾಗಿ ಎರಚಿ, ಮೈ ತರಿತರಿ ಮಾಡುತ್ತಾರೆ. ಮೇಲೆ ಪ್ರೈಮರ್, ಆಮೇಲೆ ಸ್ಪ್ರೇ, ಕೊನೆಗೆ ಸುಮಾರು 380 ಡಿಗ್ರಿ ಸೆಲ್ಸಿಯಸ್ ಓವನ್. ಬ್ಲಾಸ್ಟಿಂಗ್‌ನಲ್ಲಿ ಸೋಮಾರಿತನ ಮಾಡಿದರೆ ಕೋಟಿಂಗ್ ಸಿಪ್ಪೆ ಸುಲಿದ ಹಾಗೆ ಬರುತ್ತದೆ. ಒರಟಿನ ಕೆಲಸ ಮೊದಲಿನಿಂದಲೂ ಇತ್ತು, ಹೆಸರು ಮಾತ್ರ ಬಳಿದದ್ದಕ್ಕೆ ಹೋಯಿತು.

ಬಳಿಯೋದಕ್ಕೆ ಒಂದು ಮಿತಿಯೂ ಇದೆ. ನುಣುಪಾದ ಮೈಗೆ ಯಾವ ರಾಸಾಯನಿಕ ಬಳಿದರೂ ಹನಿಯ ಕೋನ 120 ಡಿಗ್ರಿ ದಾಟೋದು ಕಷ್ಟ. ಕೆಸುವಿನ ಎಲೆ ಮೇಲಿನ ಹನಿಯ ಹಾಗೆ ಉರುಳಬೇಕು ಅಂದರೆ 150 ದಾಟಬೇಕು. ತಾವರೆ ಎಲೆಯ ಗುಟ್ಟು ಸಣ್ಣ ಗುಬುಟು ಮತ್ತು ಮೇಣ ಎರಡೂ ಸೇರಿದ್ದು ಅಂತ 1997ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿಗಳಾದ ಬಾರ್ಥ್‌ಲಾಟ್, ನೈನ್‌ಹುಯಿಸ್ ತೋರಿಸಿದ ಮೇಲೆ ಎಲ್ಲರೂ ಕೊರೆಯೋಕೆ ಶುರುಮಾಡಿದರು. 2015ರಲ್ಲಿ ಅಮೆರಿಕದ ರಾಚೆಸ್ಟರ್‌ನಲ್ಲಿ ಲೇಸರ್ ಗೀರಿದ ಲೋಹದ ಮೇಲೆ ಹನಿ ಪುಟಿದೆದ್ದದ್ದು ಸುದ್ದಿಯಾಯಿತು.

ಸುದ್ದಿಯಲ್ಲಿ ಬಾರದ ವಿಷಯವೂ ಒಂದಿದೆ. ಲೇಸರ್‌ನಿಂದ ಆಗಷ್ಟೇ ಗೀರಿದ ಲೋಹ ಸಾಮಾನ್ಯವಾಗಿ ನೀರನ್ನು ಹೀರಿಕೊಳ್ಳುತ್ತದೆ. ದಿನಗಟ್ಟಲೆ, ವಾರಗಟ್ಟಲೆ ಗಾಳಿಯಲ್ಲಿಟ್ಟ ಮೇಲೆ, ಗಾಳಿಯ ಜಿಡ್ಡು ಕಣಗಳು ಕೂತು ನೀರು ಉರುಳುತ್ತದೆ. ಬಳಿಯದೇ ಬಂತು ಅನ್ನೋದು ಅರ್ಧ ಸತ್ಯ, ಅಲ್ವಾ?

ಇತ್ತ ಟೆಫ್ಲಾನ್‌ನಂಥ ಫ್ಲೋರಿನ್ ರಾಸಾಯನಿಕಗಳ ಮೇಲೂ ಕಣ್ಣು ಬಿದ್ದಿದೆ. ಟೆಫ್ಲಾನ್ ತಯಾರಿಕೆಗೆ ಬಳಸುತ್ತಿದ್ದ ಪಿಎಫ್‌ಒಎ ಅನ್ನೋ ಫ್ಲೋರಿನ್ ರಾಸಾಯನಿಕ, ಸುಲಭವಾಗಿ ನಾಶವಾಗದ ವಿಷಗಳನ್ನು ತಡೆಯುವ ಸ್ಟಾಕ್‌ಹೋಮ್ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಗೆ 2019ರಲ್ಲಿ ಸೇರಿತು. ಅದಕ್ಕೇ ಮೇಣದಬತ್ತಿಗೆ ಹಾಕುವ ಸ್ಟಿಯರಿಕ್ ಆಸಿಡ್ಡನ್ನೇ ಕೊರೆದ ಅಲ್ಯೂಮಿನಿಯಂಗೆ ಬಳಿದು ನೋಡುತ್ತಿದ್ದಾರೆ. ಹನಿ ಚೆನ್ನಾಗಿಯೇ ಉರುಳುತ್ತದೆ. ಆದರೆ ಪಾತ್ರೆ ತಿಕ್ಕೋ ನಾರು ತಗೊಂಡು ನಾಲ್ಕು ಸಲ ಉಜ್ಜಿದರೆ ಗುಬುಟು ಸವೆದು, ಹನಿ ಮತ್ತೆ ಅಲ್ಲೇ ಕೂರುತ್ತದೆ.