ನಿನ್ನೆಯ ಕುದುರೆ, ಇವತ್ತಿನ ಕುದುರೆ

ವಿಜಯಪುರದ ಗೋಳಗುಮ್ಮಟದ ಹತ್ತಿರ ಟಾಂಗಾಗಳು ನಿಲ್ಲುವ ಜಾಗಕ್ಕೆ ನಾನು ವಾರಕ್ಕೊಮ್ಮೆ ಹೋಗುತ್ತೇನೆ. ಒಂದು ಕುದುರೆಗೆ ಹೊಟ್ಟೆನೋವು, ಇನ್ನೊಂದಕ್ಕೆ ಗೊರಸಿನ ತೊಂದರೆ, ಏನಾದರೂ ಇದ್ದೇ ಇರುತ್ತದೆ. ಹದಿನೈದು ದಿನದ ಹಿಂದೆ ಅಲ್ಲಿಗೆ ಒಬ್ಬ ಹುಡುಗ ಬಂದ. ಕೈಯಲ್ಲಿ ಮೊಬೈಲು, ಅದರಲ್ಲಿ ಪುಣೆಯ ರೇಸ್ ಕಾರ್ಡ್, ಅಂದರೆ ಓಡುವ ಕುದುರೆಗಳ ಪಟ್ಟಿ. "ಡಾಕ್ಟ್ರ, ನೀವು ರೇಸ್‌ಕೋರ್ಸಿನ್ಯಾಗ ಕೆಲಸ ಮಾಡಿ ಬಂದವ್ರು. ಇದ್ರಾಗ ಯಾವ ಕುದುರಿ ಗೆಲ್ಲತೈತಿ, ಹೇಳ್ರಿ" ಅಂದ.

ಮೊಬೈಲು ಕಿಸೆಗೆ ಹಾಕಿಕೊಳ್ಳಲು ಹೇಳಿದೆ. ಅಲ್ಲೇ ಒಂದು ಕೆಂಚು ಕುದುರೆಯನ್ನು ಗಾಡಿಯಿಂದ ಬಿಚ್ಚಿ ನೀರು ಕುಡಿಸಲು ಕರೆದೊಯ್ಯುತ್ತಿದ್ದರು. ರಸ್ತೆ ಪಕ್ಕದ ಮೆತ್ತನೆ ಧೂಳಿನಲ್ಲಿ ಹೆಜ್ಜೆಗಳು ಅಚ್ಚೊತ್ತಿದ ಹಾಗೆ ಬಿದ್ದಿದ್ದವು. "ಮುಂಗಾಲಿನ ಗುರುತು ದಾಟಿ ಹಿಂಗಾಲು ಎಷ್ಟ ಮುಂದ ಬಿದ್ದೈತಿ, ಅಳದ ನೋಡು" ಅಂದೆ. ಕುಕ್ಕರಗಾಲಲ್ಲಿ ಕೂತು ಬೆರಳಿಟ್ಟು ನೋಡಿದ. "ನಾಕ ಬೆರಳ್ರಿ." ಎರಡೂ ಕಡೆ ಅಷ್ಟೇ ಇತ್ತು. ಅದನ್ನ ಬರೆದಿಟ್ಟುಕೊಂಡು ಮುಂದಿನ ವಾರ ಬಾ ಅಂದೆ. ಗೆಲ್ಲುವ ಕುದುರೆಯ ಹೆಸರು ಸಿಗಲಿಲ್ಲ ಅಂತ ಅವನ ಮುಖ ಸಪ್ಪಗಾಯಿತು. ಅವನಿಗೆ ನಿಂತ ಕಾಲಲ್ಲಿ ಹೇಳಲು ಆಗದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಪಶುವೈದ್ಯ. ರೇಸ್ ಕುದುರೆಗಳ ಲಾಯದಲ್ಲಿ ಕೆಲವು ವರ್ಷ ಕೆಲಸ ಮಾಡಿದೆ. ಅಲ್ಲಿ ಕಲಿತ ದೊಡ್ಡ ಪಾಠ ಒಂದೇ. ಕುದುರೆಯನ್ನು ಪಕ್ಕದ ಕುದುರೆಗೆ ಹೋಲಿಸುವ ಮುಂಚೆ ಅದಕ್ಕೇ ಅದನ್ನು ಹೋಲಿಸಬೇಕು. ಹೋದ ತಿಂಗಳು ಹೇಗಿತ್ತು, ಇವತ್ತು ಹೇಗಿದೆ? ಇದು ಗೊತ್ತಿಲ್ಲದೆ ಬೇರೆ ಲೆಕ್ಕ ಎಷ್ಟು ಹಾಕಿದರೂ ಅರ್ಧವೇ.

ಒಂದು ದಿನದಲ್ಲಿ ಏಳೆಂಟು ರೇಸ್ ಇರುತ್ತವೆ. ಒಂದೊಂದರಲ್ಲಿ ಹತ್ತು ಹನ್ನೆರಡು ಕುದುರೆ. ಎಲ್ಲ ಸೇರಿದರೆ ಎಂಬತ್ತರ ಹತ್ತಿರ. ಅಷ್ಟನ್ನೂ ಒಬ್ಬ ಮನುಷ್ಯ ಸರಿಯಾಗಿ ತೂಗಿ ನೋಡೋದು ಆಗದ ಕೆಲಸ. ಹಾಗಾಗಿ ನಾನು ಮೊದಲು ಬಿಡುವ ರೇಸ್‌ಗಳನ್ನು ಆರಿಸುತ್ತೇನೆ. ಮೊದಲ ಸಲ ಓಡುವ ಕುದುರೆಗಳೇ ಜಾಸ್ತಿ ಇರುವ ರೇಸನ್ನು ಸುಮ್ನೆ ನೋಡಿ ಖುಷಿಪಡುತ್ತೇನೆ, ಅಷ್ಟೇ. ಅವುಗಳ ನಿನ್ನೆ ನನಗೆ ಗೊತ್ತಿಲ್ಲವಲ್ಲ. ಎರಡು ಮೂರು ಸಲ ಕಣ್ಣಾರೆ ಕಂಡ ಕುದುರೆಗಳು ಇರುವ ರೇಸ್ ಸಿಕ್ಕರೆ ಅಲ್ಲಿ ಕೂರುತ್ತೇನೆ.

ಈಗ ಕಾರ್ಡ್ ನೋಡೋಣ. ಹ್ಯಾಂಡಿಕ್ಯಾಪ್ ರೇಸ್‌ನಲ್ಲಿ ಪ್ರತಿ ಕುದುರೆಗೂ ಒಂದು ರೇಟಿಂಗ್, ಅಂದರೆ ಅದರ ಬಲ ಎಷ್ಟು ಅಂತ ಹೇಳುವ ಅಂಕಿ ಇರುತ್ತದೆ. ನಮ್ಮ ದೇಶದಲ್ಲಿ ಒಂದು ಪಾಯಿಂಟಿಗೆ ಅರ್ಧ ಕಿಲೋ ತೂಕ. ಒಂದಕ್ಕೆ 44, ಇನ್ನೊಂದಕ್ಕೆ 30 ಇದ್ದರೆ ಮೊದಲನೆಯದು 7 ಕಿಲೋ ಹೆಚ್ಚಿಗೆ ಹೊರಬೇಕು. ಜಾಕಿ ಹಗುರ ಇದ್ದರೆ ಜೀನಿನ ಕೆಳಗಿನ ಚೀಲದಲ್ಲಿ ಸೀಸದ ಪಟ್ಟಿ ಇಟ್ಟು ಸರಿದೂಗಿಸುತ್ತಾರೆ. ಓಟಕ್ಕೆ ಮುಂಚೆ ಜಾಕಿಯನ್ನು ಜೀನಿನ ಸಮೇತ ತೂಗುತ್ತಾರೆ, ಗೆದ್ದು ಬಂದ ಮೇಲೂ ತೂಗುತ್ತಾರೆ. ಬಲವಿದ್ದವನಿಗೆ ಭಾರ ಜಾಸ್ತಿ, ಇಲ್ಲದವನಿಗೆ ಕಡಿಮೆ. ಎಲ್ಲರೂ ಒಂದೇ ಗೆರೆಗೆ ಒಟ್ಟಿಗೆ ಬರಲಿ ಅನ್ನೋದು ಇದರ ಉದ್ದೇಶ.

ಇಲ್ಲಿ ಹೊಸಬರು ಒಂದು ಕಡೆ ಎಡವುತ್ತಾರೆ. ಕುದುರೆ ಗೆದ್ದರೆ ರೇಟಿಂಗ್ ಏರುತ್ತದೆ. ರೇಟಿಂಗ್ 20ರಿಂದ 45 ಇರುವ ಕುದುರೆಗಳ ದರ್ಜೆಯಲ್ಲಿ 44 ಇದ್ದ ಕುದುರೆ ಗೆದ್ದು 50ಕ್ಕೆ ಹೋಯಿತು ಅಂತಿಟ್ಟುಕೊಳ್ಳಿ. ಮುಂದಿನ ಸಲ ಅದು 40ರಿಂದ 65ರ ದರ್ಜೆಗೆ ಬರುತ್ತದೆ. ಅಲ್ಲಿ 60 ದಾಟಿದ ಕುದುರೆಗಳು ಇರೋದರಿಂದ ಇದರ ಬೆನ್ನ ಮೇಲಿನ ಭಾರ ಇಳಿಯುತ್ತದೆ. ಕಾರ್ಡ್ ನೋಡಿದವರು 'ಹೋದ ಸಲಕ್ಕಿಂತ ಹಗುರ ಐತಿ' ಅಂತ ಹಿಗ್ಗುತ್ತಾರೆ. ಆದರೆ ಹಗುರ ಆಗಿರುವುದು ಭಾರ ಮಾತ್ರ. ಎದುರಾಳಿಗಳು ಗಟ್ಟಿಯಾಗಿದ್ದಾರೆ. ನಾನು ಆಗ ಹಿಂದಿನ ಗೆಲುವಿನ ವಿಡಿಯೋ ಮತ್ತೆ ನೋಡುತ್ತೇನೆ. ಕೊನೆಯ 200 ಮೀಟರಿನಲ್ಲಿ ಜಾಕಿ ಕೈ ಅಲ್ಲಾಡಿಸದೆ ಕೂತಿದ್ದನಾ, ಚಾಬೂಕು ಬೀಸುತ್ತಿದ್ದನಾ? ಕೂತೇ ಗೆದ್ದಿದ್ದರೆ ಆ ಕುದುರೆಯಲ್ಲಿ ಇನ್ನೂ ಉಳಿಕೆ ಇದೆ. ಇದ್ದಬದ್ದ ಶಕ್ತಿಯೆಲ್ಲ ಸುರಿದು ಗೆದ್ದಿದ್ದರೆ ಮೇಲಿನ ದರ್ಜೆಯಲ್ಲಿ ತಡೆದುಕೊಳ್ಳೋದು ಕಷ್ಟ.

ದೂರ ಇನ್ನೊಂದು ವಿಷಯ. 1000 ಅಥವಾ 1200 ಮೀಟರಿಗೆ ಬೇಕಾದ ದೇಹವೇ ಬೇರೆ. ಹಿಂಭಾಗ ದಪ್ಪ, ಎದೆ ಅಗಲ, ಗೇಟು ತೆರೆದ ಕೂಡಲೇ ಚಿಮ್ಮುವ ಸ್ವಭಾವ. ಮುಂಬೈಯ ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲಿ ನಡೆಯುವ ಇಂಡಿಯನ್ ಡರ್ಬಿ 1943ರಲ್ಲಿ ಶುರುವಾದದ್ದು, ಅದರ ದೂರ 2400 ಮೀಟರ್. ಅಂಥ ಓಟಕ್ಕೆ ಉದ್ದ ಮೈ, ಸಡಿಲ ನಡಿಗೆ, ಮೊದಲ ಅರ್ಧ ಹಾದಿಯಲ್ಲಿ ಜಾಕಿಯ ಮಾತು ಕೇಳುವ ತಾಳ್ಮೆ ಬೇಕು. 1200ರಲ್ಲಿ ಕೊನೆಗೆ ಓಡೋಡಿ ಬಂದು ನಾಲ್ಕನೆಯದಾದ ಕುದುರೆ 1600ಕ್ಕೆ ಹೋದಾಗ ಮರೆಯದಿರಲಿ ಅಂತ ನಾನು ಅದರ ಹೆಸರಿನ ಕೆಳಗೆ ಒಂದು ಗೀಟು ಎಳೆದುಕೊಳ್ಳುತ್ತೇನೆ.

ವಯಸ್ಸನ್ನೂ ಮರೆಯಬೇಡಿ. ಇಲ್ಲಿ ಎಲ್ಲ ಥರೋಬ್ರೆಡ್ (ರೇಸಿಗೆ ಓಡಿಸುವ ತಳಿ) ಕುದುರೆಗಳಿಗೂ ಲೆಕ್ಕಕ್ಕೆ ಜನವರಿ 1ರಂದೇ ಹುಟ್ಟುಹಬ್ಬ. ಜನವರಿಯಲ್ಲಿ ಹುಟ್ಟಿದ್ದೂ ಏಪ್ರಿಲ್‌ನಲ್ಲಿ ಹುಟ್ಟಿದ್ದೂ ಕಾರ್ಡಿನಲ್ಲಿ ಒಂದೇ ವಯಸ್ಸು. ಎಳೇ ಕುದುರೆಗಳಲ್ಲಿ ಮೂರು ತಿಂಗಳ ಅಂತರ ಮೂಳೆಯಲ್ಲಿ ಕಾಣುತ್ತದೆ. ವರ್ಷದ ಮೊದಲಲ್ಲಿ ಹಿಂದೆ ಬಿದ್ದ ಎಷ್ಟೋ ಕುದುರೆಗಳು ಮಳೆಗಾಲದ ಹೊತ್ತಿಗೆ ಮೈ ತುಂಬಿಕೊಂಡು ಬೇರೆಯೇ ಆಗಿ ಬಂದಿದ್ದನ್ನ ಕಂಡಿದ್ದೇನೆ.

ಮಳೆ ಅಂದೆನಲ್ಲ, ಪುಣೆಯ ರೇಸ್ ನಡೆಯುವುದೇ ಮಳೆಗಾಲದಲ್ಲಿ. ಹುಲ್ಲಿನ ನೆಲ ಎಷ್ಟು ಮೆತ್ತಗಿದೆ ಅಂತ ಅಳೆಯಲು ಪೆನೆಟ್ರೋಮೀಟರ್ ಅನ್ನುವ ಸಲಕರಣೆ ಇದೆ. ಭಾರವನ್ನು ಮೇಲಿಂದ ಬಿಟ್ಟಾಗ ಅದರ ಸರಳು ನೆಲಕ್ಕೆ ಎಷ್ಟು ಇಳಿಯಿತು ಅಂತ ನೋಡುತ್ತಾರೆ. ಅಂಕಿ ಜಾಸ್ತಿ ಇದ್ದಷ್ಟೂ ನೆಲ ಮೆತ್ತಗೆ. ಮಳೆ ಬಿದ್ದ ಎರೆ ಹೊಲದಲ್ಲಿ ನಡೆದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಪ್ರತಿ ಹೆಜ್ಜೆಗೂ ಕಾಲು ಕಿತ್ತುಕೊಂಡು ನಡೀಬೇಕು. ಗಟ್ಟಿ ನೆಲದಲ್ಲಿ ಹಾರಿದ ಕುದುರೆ ಅಲ್ಲಿ ಒದ್ದಾಡಬಹುದು. ಅದೇ ಕುದುರೆ ಹಿಂದೆ ಮೆತ್ತನೆ ನೆಲದಲ್ಲಿ ಏನು ಮಾಡಿತ್ತು ಅನ್ನುವುದಷ್ಟೇ ನನಗೆ ಬೇಕಾದ ಸಂಗತಿ. ಗೇಟಿನ ನಂಬರು, ಜಾಕಿ ಯಾರು, ಕಣ್ಣಪಟ್ಟಿ ಹೊಸದಾಗಿ ಹಾಕಿದ್ದಾರಾ, ಇವನ್ನೂ ನೋಡಿ. ಮೊದಲ ತಿರುವು ಬೇಗ ಬರುವ ಓಟದಲ್ಲಿ ಹೊರಗಿನ ಗೇಟಿನ ಕುದುರೆ ಸುತ್ತು ಹಾಕಿ ಓಡಬೇಕಾಗುತ್ತದೆ. ಬೆಳಗಿನ ತಾಲೀಮಿನ ಹೊತ್ತನ್ನೂ ಪ್ರಕಟಿಸುತ್ತಾರೆ. '600 ಮೀಟರಿಗೆ 40 ಸೆಕೆಂಡ್' ಅಂತ ಓದಿ ಮರುಳಾಗಬೇಡಿ. ಹೋದ ವಾರ ಅದೇ ಕುದುರೆ ಎಷ್ಟು ತೆಗೆದುಕೊಂಡಿತ್ತು ಅಂತ ನೋಡಿ.

ಇಷ್ಟೆಲ್ಲ ಮನೆಯಲ್ಲೇ ಕೂತು ಮಾಡಬಹುದಾದ ಕೆಲಸ. ನನ್ನ ಜೀವ ಇರೋದು ಪ್ಯಾಡಕ್‌ನಲ್ಲಿ. ಓಟಕ್ಕೆ ಮುಂಚೆ ಕುದುರೆಗಳನ್ನು ಸುತ್ತು ನಡೆಸುವ ಆ ಜಾಗದಲ್ಲಿ ಹತ್ತು ನಿಮಿಷ ಸಿಗುತ್ತದೆ. ಬೇಲಿ ಹಿಡಿದು ನಿಂತುಬಿಡಿ.

ಮೊದಲು ನಡಿಗೆ. ಹಿಂಗಾಲು ಮುಂಗಾಲಿನ ಗುರುತು ದಾಟಿ ಬೀಳಬೇಕು. ಒಳ್ಳೆ ನಡಿಗೆಯ ರೇಸ್ ಕುದುರೆಯಲ್ಲಿ ಇದು ಒಂದು ಗೇಣಿನ ತನಕ ಇರಬಹುದು. ತಲೆ ನೋಡಿ. ಮುಂಗಾಲು ನೋಯುತ್ತಿದ್ದರೆ ಆ ಕಾಲು ಊರಿದಾಗ ತಲೆ ಮೇಲೇಳುತ್ತದೆ, ಒಳ್ಳೆ ಕಾಲು ಊರಿದಾಗ ಇಳಿಯುತ್ತದೆ. ಮೈಕೂದಲು ಎಣ್ಣೆ ಹಚ್ಚಿದ ಹಾಗೆ ಮಿನುಗಬೇಕು. ಕೊನೆಯ ಎರಡು ಮೂರು ಪಕ್ಕೆಲುಬು ತೆಳುವಾಗಿ ಕಂಡರೆ ಹೆದರಬೇಡಿ, ಅದು ಹದವಾದ ಮೈ. ಹೊಟ್ಟೆ ಹಿಂದಕ್ಕೆ ಎಳೆದುಕೊಂಡು ಪಕ್ಕೆ ಗುಳಿ ಬಿದ್ದಿದ್ದರೆ ಮೇವು ಸರಿಯಾಗಿ ತಿಂದಿಲ್ಲ, ಇಲ್ಲವೇ ದಣಿವು ಇನ್ನೂ ಆರಿಲ್ಲ.

ಆಮೇಲೆ ಬೆವರು. ಕುದುರೆಯ ಬೆವರಿನಲ್ಲಿ ಸೋಪಿನಂತೆ ನೊರೆ ಬರಿಸುವ ಒಂದು ಪ್ರೋಟೀನ್ ಇದೆ. ಅದಕ್ಕೇ ತೊಡೆ ಸಂದಿಯಲ್ಲಿ, ಕುತ್ತಿಗೆಯಲ್ಲಿ ಬಿಳಿ ನೊರೆ ಕಾಣುವುದು. ನೊರೆ ಕಂಡ ಕೂಡಲೇ ಕುದುರೆಯನ್ನು ತಳ್ಳಿಹಾಕುವವರು ಬಹಳ ಜನ. ಆದರೆ ಕೆಲವು ಕುದುರೆಗಳು ಯಾವಾಗಲೂ ಬೆವರುತ್ತವೆ, ಬೆವರಿಯೇ ಗೆಲ್ಲುತ್ತವೆ. ಯಾವತ್ತೂ ಬೆವರದ ಕುದುರೆ ಇವತ್ತು ನೊರೆ ಕಟ್ಟಿಕೊಂಡಿದ್ದರೆ ಆಗ ಯೋಚಿಸಬೇಕು.

ಮೂಗಿನ ಹೊಳ್ಳೆಗಳನ್ನ ನಾನು ಹೆಚ್ಚು ಹೊತ್ತು ನೋಡುತ್ತೇನೆ. ಕುದುರೆ ಮೂಗಿನಿಂದ ಮಾತ್ರ ಉಸಿರಾಡುತ್ತದೆ, ಬಾಯಿಯಿಂದ ಉಸಿರಾಡಲು ಅದಕ್ಕೆ ಬರುವುದಿಲ್ಲ. ನಾಗಾಲೋಟದಲ್ಲಿ ಒಂದು ನೆಗೆತಕ್ಕೆ ಒಂದು ಉಸಿರು. ನಿಂತಾಗ ನಿಮಿಷಕ್ಕೆ 30ರಿಂದ 40 ಸಲ ಬಡಿಯುವ ಹೃದಯ ಓಟದಲ್ಲಿ 220 ದಾಟುತ್ತದೆ. ಗುಲ್ಮ (ಸ್ಪ್ಲೀನ್) ಕುಗ್ಗಿ, ಕೂಡಿಟ್ಟ ಕೆಂಪು ರಕ್ತಕಣಗಳನ್ನೆಲ್ಲ ರಕ್ತಕ್ಕೆ ಸುರಿಯುತ್ತದೆ. ಇಷ್ಟು ದೊಡ್ಡ ಯಂತ್ರಕ್ಕೆ ಗಾಳಿ ಹೋಗುವ ದಾರಿ ಆ ಎರಡು ಹೊಳ್ಳೆ ಮಾತ್ರ. ಸಣ್ಣ ಕೆಮ್ಮು, ಸ್ವಲ್ಪ ಸಿಂಬಳ, ಯಾವುದನ್ನೂ ಹಗುರವಾಗಿ ನೋಡಬಾರದು.

ಇದನ್ನು ನಾನು ತಪ್ಪು ಮಾಡಿ ಕಲಿತೆ. ಒಂದು ಗಂಡು ಕುದುರೆ ಇತ್ತು, ಬಹಳ ತುಂಟ. ಪ್ಯಾಡಕ್‌ಗೆ ಬಂದರೆ ಕುಣಿಯೋದು, ನೋಡಿಕೊಳ್ಳುವ ಸೈಸ್‌ನನ್ನ ಎಳೆದಾಡೋದು. ಒಂದು ದಿನ ಓಟದ ಬೆಳಿಗ್ಗೆ ಶಾಂತವಾಗಿ ನಿಂತಿತ್ತು. ದೊಡ್ಡವನಾದ, ಬುದ್ಧಿ ಬಂತು ಅಂತ ನಾವೆಲ್ಲ ಮೆಚ್ಚಿಕೊಂಡೆವು. ಅದರ ಸೈಸ್ ನಮ್ಮ ಇಂಡಿ ಕಡೆಯವನು. ಹತ್ತಿರ ಬಂದು ಮೆಲ್ಲಗೆ ಹೇಳಿದ, "ಸಾಹೇಬ್ರ, ರಾತ್ರಿ ಮೇವು ಅರ್ಧಾ ಬಿಟ್ಟೈತ್ರಿ. ನನ್ನ ಅಂಗಿ ಸೈತ ಕಚ್ಚಲಿಲ್ರಿ." ನಾನು ಜ್ವರ ನೋಡಿದೆ, 38 ಡಿಗ್ರಿ, ಕುದುರೆಗೆ ಅದು ಮಾಮೂಲು. ನಾಡಿ ಸರಿಯಿತ್ತು. ಓಡಲಿ ಅಂದೆ. ಕೊನೆಯದಾಗಿ ಬಂತು. ಎರಡೂ ಹೊಳ್ಳೆಯಲ್ಲಿ ರಕ್ತ. ಜೋರು ಓಟದಲ್ಲಿ ಶ್ವಾಸಕೋಶದೊಳಗೆ ಸ್ವಲ್ಪ ರಕ್ತ ಒಸರುವುದು ರೇಸ್ ಕುದುರೆಗಳಲ್ಲಿ ಸಾಮಾನ್ಯ, ಮೂಗಿನಿಂದ ಹೊರಗೆ ಬರುವುದು ಕಡಿಮೆ. ಕ್ಯಾಮೆರಾದ ಕೊಳವೆ ಇಳಿಸಿ ನೋಡಿದಾಗ ಗಾಳಿಕೊಳವೆ ತುಂಬ ಕಫ ಇತ್ತು. ಥರ್ಮಾಮೀಟರ್ ಹೇಳದ್ದನ್ನ ಕಚ್ಚಿಸಿಕೊಳ್ಳದ ಅಂಗಿ ಹೇಳಿತ್ತು. ನಾನು ಕೇಳಿಸಿಕೊಳ್ಳಲಿಲ್ಲ. ಆ ಕುದುರೆ ಮತ್ತೆ ಚೇತರಿಸಿಕೊಂಡಿತು, ಆದರೆ ಆ ಬೆಳಗಿನ ನನ್ನ ತೀರ್ಮಾನ ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಒಂದು ಕುದುರೆಗೆ ಒಂದು ಹಾಳೆ. ನೋಡಿದಾಗಲೆಲ್ಲ ಒಂದೇ ಸಾಲು. 'ಕಿವಿ ಮುಂದೆ, ಬಾಲ ಸುಮ್ಮನೆ, ಬೆವರಿಲ್ಲ, ಎಡಗಾಲು ಸ್ವಲ್ಪ ಬಿಗಿ.' ಓಟ ಮುಗಿದ ಮೇಲೂ ಬರೆಯುತ್ತೇನೆ. ಜೀನು ಬಿಚ್ಚುವಾಗ ಉಸಿರು ಎಷ್ಟು ಬೇಗ ಇಳಿಯಿತು, ನಡೆದು ಹೋಗುವಾಗ ಕಾಲು ಹೇಗಿತ್ತು. ಎಲ್ಲರೂ ಗೆದ್ದ ಕುದುರೆಯ ಕಡೆ ನೋಡುವ ಹೊತ್ತಿನಲ್ಲಿ ಐದನೆಯದಾಗಿ ಬಂದದ್ದರ ಮುಂದಿನ ಓಟದ ಸುಳಿವು ಅಲ್ಲೇ ಸಿಗುತ್ತದೆ.

ಕುದುರೆ ಓಟ ಕೌಶಲದ ಆಟ ಅಂತ 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೌಶಲ ಇದೆ, ನಿಜ. ಆದರೂ ನಾನು ದುಡ್ಡು ಹಾಕುವುದಿಲ್ಲ, ಹಾಕಿ ಅಂತ ಯಾರಿಗೂ ಹೇಳುವುದಿಲ್ಲ. ಇಷ್ಟೆಲ್ಲ ನೋಡಿದ ಮೇಲೂ ಗೇಟಿನಲ್ಲಿ ಒಂದು ಕುದುರೆ ಎಡವಿದರೆ ಲೆಕ್ಕವೆಲ್ಲ ನೆಲಕ್ಕೆ. ನೋಡುವ ಕಣ್ಣು ಮಾತ್ರ ಎಲ್ಲೆಡೆ ಉಪಯೋಗಕ್ಕೆ ಬರುತ್ತದೆ. ನಮ್ಮ ಕಡೆ ಜಾತ್ರೆಗಳಲ್ಲಿ ಕುದುರೆ ಗಾಡಿ ಶರ್ಯತ್ತು ನಡೆಯುತ್ತವೆ. ಡಾಂಬರು ರಸ್ತೆ ಮೇಲೆ ಓಡಿದ ಕುದುರೆಯ ಮೊಣಕಾಲು, ಗೊರಸು ಹೇಗೆ ಹಾಳಾಗುತ್ತವೆ ಅಂತ ನನಗೆ ಗೊತ್ತು. ಓಡಿಸುವ ಮುಂಚೆ ಹತ್ತು ಹೆಜ್ಜೆ ನಡೆಸಿ ನೋಡಿ, ನೆನ್ನೆಯ ಹಾಗೆ ನಡೆಯದಿದ್ದರೆ ಬಿಚ್ಚಿಬಿಡಿ ಅಂತ ಕಂಡವರಿಗೆಲ್ಲ ಕೇಳಿಕೊಳ್ಳುತ್ತೇನೆ.

ಆ ಹುಡುಗ ಮುಂದಿನ ವಾರ ಬಂದ. ಬರುವುದಿಲ್ಲ ಅಂದುಕೊಂಡಿದ್ದೆ. ಅದೇ ಕೆಂಚು ಕುದುರೆಯನ್ನು ಅದೇ ಧೂಳಿನಲ್ಲಿ ನಡೆಸಲು ಟಾಂಗಾದವರಿಗೆ ಹೇಳಿ, ಕೂತು ಅಳೆದ. ಎಡಗಡೆ ನಾಲ್ಕು ಬೆರಳು. ಬಲಗಡೆ ಅಳೆದವನು ಮತ್ತೊಮ್ಮೆ ಅಳೆದ. "ಎರಡೇ ಬೆರಳ್ರಿ ಡಾಕ್ಟ್ರ. ಹ್ವಾದ ವಾರ ನಾಕ ಇತ್ತು." ಕುದುರೆ ಕುಂಟುತ್ತಿರಲಿಲ್ಲ. ಟಾಂಗಾದವರಿಗೂ ಏನೂ ಗೊತ್ತಾಗಿರಲಿಲ್ಲ. ಬಲ ಹಿಂಗಾಲು ಎತ್ತಿ ತೊಡೆ ಮೇಲಿಟ್ಟುಕೊಂಡು ನೋಡಿದೆ. ಲಾಳಕ್ಕೂ ಅಂಗಾಲಿಗೂ ನಡುವಿನ ಸಂದಿಯಲ್ಲಿ ಕಡಲೆಕಾಳಿನಷ್ಟು ಜಲ್ಲಿಕಲ್ಲು ಸಿಕ್ಕಿಕೊಂಡಿತ್ತು. ಹುಡುಗನ ಕೈಗೇ ಕೊಕ್ಕೆ ಕೊಟ್ಟು ತೆಗೆಸಿದೆ.