ಗಯ್ಯಾಕ್ ವೈನ್ ಹಿಂದೆ ಬಿದ್ದದ್ದು ರುಚಿಯಿಂದಲ್ಲ, ದಾರಿಯಿಂದ

ಬೋರ್ಡೋ ವೈನ್ ಕುಡಿಯದವರೂ ಅದರ ಹೆಸರು ಕೇಳಿರುತ್ತಾರೆ. ಗಯ್ಯಾಕ್ ಹೆಸರು ಕೇಳಿದವರು ಎಷ್ಟು ಜನ? ಫ್ರಾನ್ಸಿನ ನೈಋತ್ಯದಲ್ಲಿ, ಟುಲೂಸ್‌ನಿಂದ ಸುಮಾರು 50 ಕಿ.ಮೀ. ದೂರದಲ್ಲಿ, ತಾರ್ನ್ ನದಿಯ ದಂಡೆಯಲ್ಲಿರುವ ಊರು ಅದು. ಕೆಂಪು ವೈನೂ ಉಂಟು, ಸಿಹಿ ಬಿಳಿ ವೈನೂ ಉಂಟು. ಕಸುಬು ಬಹಳ ಹಳೆಯದು. ರೋಮನ್ನರ ಕಾಲದಲ್ಲೇ ಪಕ್ಕದ ಮೊಂತಾನ್ಸ್‌ನ ಕುಂಬಾರರು ವೈನ್ ತುಂಬುವ ಹೂಜಿಗಳನ್ನು ಮಾಡುತ್ತಿದ್ದರು. ಮುಂದೆ ಇಲ್ಲಿನ ಸೇಂಟ್ ಮಿಶೆಲ್ ಮಠದ ಸನ್ಯಾಸಿಗಳು ದ್ರಾಕ್ಷಿ ತೋಟಗಳನ್ನು ಬೆಳೆಸಿದರು. ಪೀಪಾಯಿಗಳ ಮೇಲೆ ಹುಂಜದ ಮುದ್ರೆ ಬೀಳುತ್ತಿತ್ತು.

ತೊಂದರೆ ಇದ್ದದ್ದು ನದಿಯ ಕೆಳಗೆ. ತಾರ್ನ್ ಹೋಗಿ ಗರೋನ್ ಸೇರುತ್ತದೆ, ಗರೋನ್ ಬೋರ್ಡೋ ದಾಟಿ ಸಮುದ್ರಕ್ಕೆ ಹೋಗುತ್ತದೆ. ಬೋರ್ಡೋ 1453ರವರೆಗೆ, ಸುಮಾರು 300 ವರ್ಷ, ಇಂಗ್ಲೆಂಡಿನ ರಾಜರ ಕೈಯಲ್ಲಿತ್ತು. ಅವರಿಂದ ಬೋರ್ಡೋ ಊರಿನವರು ಒಂದು ಜಬರ್ದಸ್ತ್ ಸವಲತ್ತು ಗಿಟ್ಟಿಸಿಕೊಂಡರು. ನದಿಯ ಮೇಲಿನ ಸೀಮೆಯ, ಅಂದರೆ ಗಯ್ಯಾಕ್‌ನಂಥ ಊರುಗಳ ವೈನ್ ನವೆಂಬರ್ 11ಕ್ಕೆ ಮುಂಚೆ ಬೋರ್ಡೋಗೆ ಬರುವಂತಿಲ್ಲ. ಆಮೇಲೆ ಆ ಗಡುವು ಕ್ರಿಸ್‌ಮಸ್‌ಗೆ ಹೋಯಿತು.

ಎರಡು ತಿಂಗಳು ಕಾದರೆ ಏನಂತೆ ಅನ್ನಬಹುದು. ಆದರೆ ಆಗಿನ ವೈನ್ ಜಾಸ್ತಿ ದಿನ ಉಳಿಯುತ್ತಿರಲಿಲ್ಲ, ವರ್ಷದೊಳಗೆ ಹುಳಿ ಬರುತ್ತಿತ್ತು. ಹಾಗಾಗಿ ಹೊಸ ವೈನಿಗೇ ಬೆಲೆ. ಇಂಗ್ಲೆಂಡಿಗೆ ಹೋಗುವ ಹಡಗುಗಳು ಶರತ್ಕಾಲದಲ್ಲೇ ತುಂಬಿಕೊಂಡು ಹೊರಡುತ್ತಿದ್ದವು. ಗಯ್ಯಾಕ್‌ನವರ ಸರದಿ ಬರುವ ಹೊತ್ತಿಗೆ ಒಳ್ಳೆ ಗಿರಾಕಿಗಳು ಹೋಗಿಯಾಗಿರುತ್ತಿತ್ತು. ಇಂಗ್ಲಿಷರು ಹೋದರೂ ಈ ಕಟ್ಟಳೆ ಹೋಗಲಿಲ್ಲ ನೋಡಿ. 1776ರಲ್ಲಿ ಹಣಕಾಸು ಮಂತ್ರಿ ಟ್ಯುರ್ಗೋ ಅದನ್ನು ರದ್ದು ಮಾಡಿದ. ಅಷ್ಟರಲ್ಲಿ ಬೋರ್ಡೋ ಹೆಸರು ಮಾಡಿಯಾಗಿತ್ತು.

19ನೇ ಶತಮಾನದ ಕೊನೆಗೆ ಅಮೆರಿಕದಿಂದ ಬಂದ ಫಿಲಾಕ್ಸೆರಾ ಹುಳ ಬೇರುಗಳನ್ನೇ ತಿಂದುಹಾಕಿತು. 1956ರ ಫೆಬ್ರವರಿಯ ಹಿಮ ಬಳ್ಳಿಗಳನ್ನು ಮತ್ತೆ ಸುಟ್ಟಿತು. ಊರಿನ ಹೆಸರಲ್ಲಿ ವೈನ್ ಮಾರಲು ಸರ್ಕಾರ ಕೊಡುವ ಎಒಸಿ ಮಾನ್ಯತೆ ಬಿಳಿ ವೈನಿಗೆ 1938ರಲ್ಲೇ ಸಿಕ್ಕಿತು, ಕೆಂಪಿಗೆ ಮಾತ್ರ 1970ರವರೆಗೆ ಕಾಯಬೇಕಾಯಿತು.

ಇಷ್ಟೆಲ್ಲ ಆದರೂ ಬೇರೆಡೆ ಅಪರೂಪವಾದ ತಳಿಗಳು ಇಲ್ಲಿ ಉಳಿದುಕೊಂಡವು. ಕೆಂಪಿಗೆ ದ್ಯುರಾಸ್, ಬ್ರೊಕೋಲ್. ಬಿಳಿಗೆ ಮೊಜಾಕ್, ಲಾನ್ ದ ಲೆಲ್. ಬೆಳೆಗಾರ ರೋಬೆರ್ ಪ್ಲಾಜೋಲ್ ಅಳಿದೇ ಹೋಗುತ್ತಿದ್ದ ಓಂಡಾಂಕ್, ಪ್ರುನೆಲಾರ್‌ಗಳನ್ನು ಹುಡುಕಿ ಮತ್ತೆ ನೆಟ್ಟರು. ನನ್ನ ಪ್ರಕಾರ ಊರಿಗೆ ಅವರು ಮಾಡಿದ ದೊಡ್ಡ ಉಪಕಾರ ಅದೇ. ಅರ್ಜೆಂಟೀನಾಕ್ಕೆ ಹೆಸರು ತಂದ ಮಾಲ್ಬೆಕ್ ದ್ರಾಕ್ಷಿಗೆ ಈ ಪ್ರುನೆಲಾರ್ ತಂದೆ ಅಂತ ಡಿಎನ್‌ಎ ಪರೀಕ್ಷೆ ತೋರಿಸಿದೆ!

ಸಿಹಿ ವೈನಿಗೆ ಸಕ್ಕರೆ ಬೆರೆಸುತ್ತಾರೆ ಅಂತ ಸುಮ್ನೆ ಅಂದುಕೊಳ್ಳಬೇಡಿ. ಹಣ್ಣನ್ನು ಕೊಯ್ಯದೆ ಬಳ್ಳಿಯಲ್ಲೇ ಬಿಡುತ್ತಾರೆ. ಆಗ್ನೇಯದಿಂದ ಬೀಸುವ ಓತಾನ್ ಎಂಬ ಒಣಗಾಳಿಗೆ ನೀರು ಆರಿ ಸಿಪ್ಪೆ ಸುಕ್ಕಾಗುತ್ತದೆ, ಸಕ್ಕರೆ ಗಟ್ಟಿಯಾಗುತ್ತದೆ. ಯೀಸ್ಟ್‌ಗೆ ಅದನ್ನೆಲ್ಲ ಆಲ್ಕೋಹಾಲ್ ಮಾಡಿ ಮುಗಿಸಲು ಆಗುವುದಿಲ್ಲ, ಉಳಿದದ್ದೇ ಸಿಹಿ. ಆದರೆ ಒಣಗಿದ ಹಣ್ಣಲ್ಲಿ ರಸ ಕಡಿಮೆ. ನಡುವೆ ಮಳೆ ಹಿಡಿದರೆ ಗೊಂಚಲು ಕೊಳೆತು ಅದೂ ಇಲ್ಲ.